ಕೂಗಳತೆಯ ಹವಳ

ನಮ್ಮೂರಲ್ಲಿ ಹೆಣ್ಣು ಕೊಡುವ ಮುಂಚೆ ಹುಡುಗನಿಗೆ ಕೇಳುವುದು ಎರಡೇ ಪ್ರಶ್ನೆ. ಏನು ಕೆಲಸ ಮಾಡ್ತೀಯಪ್ಪ? ದ್ವೀಪ ಮೆಟ್ಟಿದ್ದೀಯಾ? ಮೊದಲನೆಯದಕ್ಕೆ ನಾನು ಕನ್ನಡಕದ ಅಂಗಡಿ ಅಂದೆ, ಅದು ನಿಜ. ಎರಡನೆಯದಕ್ಕೆ ಇಲ್ಲ ಅಂದೆ, ಅದು ಶುದ್ಧ ಸುಳ್ಳು. ಮಾವನವರು ಖುಷಿಯಾಗಿ ನನ್ನ ತಟ್ಟೆಗೆ ಇನ್ನೊಂದು ಜಿಲೇಬಿ ಹಾಕಿಸಿದರು. "ನಮ್ಮ ಹುಡುಗೀನೂ ಮೆಟ್ಟಿಲ್ಲ. ಮದುವೆ ಆದಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಮೆಟ್ಟಬಹುದು" ಅಂದರು. ಬಾಗಿಲ ಹತ್ತಿರ ನಿಂತಿದ್ದ ಯಶೋಮತಿ ಆಗ ತಲೆ ಎತ್ತಿ ಮೊದಲ ಸಲ ನನ್ನ ಮುಖ ನೋಡಿದಳು. ನಾನು ಜಿಲೇಬಿ ನೋಡಿದೆ.

ಊರಿನ ಎದುರಿಗೆ ಸಮುದ್ರದಲ್ಲಿ ಆರು ದ್ವೀಪಗಳಿವೆ. ಒಬ್ಬ ಮನುಷ್ಯನಿಗೆ ಒಂದೇ ದ್ವೀಪ. ಯಾವುದನ್ನು ಮೊದಲು ಮೆಟ್ಟುತ್ತೀರೋ ಅದು ನಿಮ್ಮದು, ಉಳಿದ ಐದೂ ಮತ್ತೆ ನಿಮ್ಮನ್ನು ಹತ್ತಿರ ಸೇರಿಸುವುದಿಲ್ಲ. ನೀವು ದೋಣಿಯಲ್ಲಿ ಮುಂದೆ ಹೋದಷ್ಟೂ ಅವು ಹಿಂದೆ ಸರಿಯುತ್ತವೆ, ತೆಂಗಿನ ಮರ, ರೆಸಾರ್ಟು, ಹಗ್ಗದ ಮೇಲೆ ಒಣಗಲು ಹಾಕಿದ ಟವೆಲ್ಲು, ಸುತ್ತಲಿನ ಹವಳದ ದಿಬ್ಬ, ಅದರೊಳಗಿನ ಮೀನು ಎಲ್ಲ ಸಮೇತ. ಸರಿಯಾಗಿ ಒಂದು ಕೂಗಳತೆ ದೂರ ಬಿಟ್ಟುಕೊಂಡು ನಿಲ್ಲುತ್ತವೆ. ಹೊರಗಿನಿಂದ ಬಂದವರಿಗೂ ಇದೇ ಕಾನೂನು, ಊರಿನವರಿಗೂ ಇದೇ.

ಇದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ದೋಣಿಯವರು ಯಾವ ದ್ವೀಪವನ್ನೂ ಮೆಟ್ಟುವುದಿಲ್ಲ, ಮೆಟ್ಟಿದರೆ ಉಳಿದ ಐದರ ಬಾಡಿಗೆ ಹೋಯಿತು. ದ್ವೀಪಕ್ಕೊಬ್ಬರಂತೆ ಆರು ಜನ ಅಂಚೆಯವರಿದ್ದಾರೆ, ಒಬ್ಬ ರಜೆ ಹಾಕಿದರೆ ಆ ದ್ವೀಪದ ಕಾಗದಗಳು ಅವನ ಜ್ವರ ಬಿಡುವ ತನಕ ಕಾಯುತ್ತವೆ. ರೆಸಾರ್ಟುಗಳ ಅಡುಗೆಮನೆ ತಪಾಸಣೆಗೆ ಬರುವ ಸಾಹೇಬರು ಒಂದು ದ್ವೀಪದಲ್ಲಿ ಹೊಟ್ಟೆ ತುಂಬ ಉಂಡು, ಉಳಿದ ಐದನ್ನು ದೋಣಿಯಿಂದಲೇ ದುರ್ಬೀನಿನಲ್ಲಿ ನೋಡಿ ಸ್ವಚ್ಛವಾಗಿದೆ ಅಂತ ಬರೆದು ಹೋಗುತ್ತಾರೆ. ಮನೆಯವರು ಒಪ್ಪದ ಪ್ರೇಮಿಗಳು ಓಡಿಹೋಗುವ ತಂಟೆಗೆ ಹೋಗುವುದಿಲ್ಲ, ಕೈ ಹಿಡಿದುಕೊಂಡು ಒಂದು ದ್ವೀಪಕ್ಕೆ ಹಾರಿಬಿಡುತ್ತಾರೆ. ಆಮೇಲೆ ಅಪ್ಪ ಅಮ್ಮ ಬಾಯಿ ಬಡಿದುಕೊಂಡು ಏನು ಪ್ರಯೋಜನ? ಅದಕ್ಕೇ ಮದುವೆ ಗೊತ್ತಾಗುವ ತನಕ ಮಕ್ಕಳನ್ನು ದೋಣಿಕಟ್ಟೆಯ ಕಡೆ ಬಿಡುವುದಿಲ್ಲ.

ಆರು ದ್ವೀಪಕ್ಕೂ ಒಂದೊಂದೇ ರೆಸಾರ್ಟು. ಜನ ಬರುವುದು ಸ್ನಾರ್ಕೆಲಿಂಗಿಗೆ. ಮುಖಕ್ಕೊಂದು ಮಾಸ್ಕು, ಬಾಯಿಗೊಂದು ಪೈಪು, ಕಾಲಿಗೆ ಬಾತುಕೋಳಿ ಪಾದದಂಥದ್ದು ಸಿಕ್ಕಿಸಿಕೊಂಡು ನೀರಿನ ಮೇಲೆ ಬೋರಲು ತೇಲುತ್ತಾ ಕೆಳಗಿನ ಹವಳ ನೋಡುವುದು. ಕನ್ನಡಕದವರಿಗೆ ಮಾಸ್ಕಿನ ಗಾಜಿಗೂ ಪವರ್ ಹಾಕಿಸಬೇಕು, ಇಲ್ಲದಿದ್ದರೆ ಹವಳವೂ ಒಂದೇ, ಹಳೇ ಬಟ್ಟೆಯ ಗಂಟೂ ಒಂದೇ. ಆ ಗಾಜು ಕೂರಿಸುವ ಅಂಗಡಿ ಊರಿಗೆಲ್ಲ ನನ್ನದೊಂದೇ. ಹಾಗಾಗಿ ಬಂದವರೆಲ್ಲ ಮಾಸ್ಕು ತೊಟ್ಟು ಕನ್ನಡಿ ಮುಂದೆ ನಿಂತು ಕೇಳುವುದು ಒಂದೇ ಮಾತು: "ಪದ್ಮರಾಜಣ್ಣ, ಯಾವ ದ್ವೀಪ ಮೆಟ್ಟೋಣ?"

ನಾನು ಹೇಳುತ್ತೇನೆ. ಒಂದು ಮಾತಲ್ಲ, ಒಂದು ಗಂಟೆ ಹೇಳುತ್ತೇನೆ. ದಡದಿಂದಲೇ ಹವಳಕ್ಕೆ ಈಜಿ ಹೋಗಬಹುದಾ, ಇಲ್ಲಾ ಪ್ರತಿ ಸಲ ದೋಣಿ ಕಾಯಬೇಕಾ ಅಂತ ಮೊದಲು ವಿಚಾರಿಸಿ. ಇಳಿತದ ಹೊತ್ತಿಗೆ ದಿಬ್ಬದ ಮೇಲೆ ಎಷ್ಟು ನೀರಿರುತ್ತೆ ಕೇಳಿ, ಮೊಣಕಾಲುದ್ದ ಅಂದರೆ ಬೇಡ, ಹೊಟ್ಟೆ ತರಚಿಕೊಂಡು ಬರುತ್ತೀರಿ. ಸೆಳೆತ ಯಾವ ಕಡೆಗೆ? ಕೋಣೆಯ ಮೆಟ್ಟಿಲು ಎಷ್ಟು? ಲೈಫ್ ಜಾಕೆಟ್ಟಿನ ಬಕಲ್ಲು ಹಾಕಿ ತೆಗೆದು ನೋಡಿ. ಫೋಟೋದಲ್ಲಿ ಹವಳ ನೋಡಿ ಮರುಳಾಗಬೇಡಿ, ಅದೇ ಒಂದು ಗಿಣಿಮೀನು ಮೂರು ರೆಸಾರ್ಟಿನ ಫೋಟೋದಲ್ಲಿದೆ. ಜನ ಬರೆದುಕೊಳ್ಳುತ್ತಾರೆ. ನನ್ನನ್ನು ಕೇಳದೆ ದ್ವೀಪ ಮೆಟ್ಟಬಾರದು ಅಂತ ಊರಲ್ಲೆಲ್ಲ ಮಾತು. ಮೆಟ್ಟದೇ ಇರುವವನು ಇಷ್ಟು ತಿಳಿದುಕೊಂಡಿದ್ದಾನಲ್ಲ ಅಂತ ಅವರಿಗೆ ಇನ್ನೂ ಗೌರವ.

ನಾನು ಮೆಟ್ಟಿದ್ದೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ, ಅಪ್ಪನ ಅಂಗಡಿ ನನ್ನ ಕೈಗೆ ಬಂದ ವರ್ಷ. ನನ್ನ ಸ್ವಭಾವ ಮೊದಲಿನಿಂದಲೂ ಹಾಗೆ. ಒಂದು ಬದನೆಕಾಯಿ ಕೊಳ್ಳಬೇಕಾದರೆ ಬುಟ್ಟಿಯನ್ನೆಲ್ಲ ಬುಡಮೇಲು ಮಾಡುವವನು. ಮದುವೆ ಆಗಬೇಕು, ಹೆಂಡತಿಯನ್ನು ಕರೆದುಕೊಂಡು ಹೋಗಬೇಕು, ಹೋದಮೇಲೆ ಅವಳು ಅಯ್ಯೋ ಇದೇನಾ ಅನ್ನಬಾರದು. ಅದಕ್ಕೆ ಆರೂ ದ್ವೀಪಗಳನ್ನು ಮೊದಲೇ ಒಂದು ಸುತ್ತು ನೋಡಿಕೊಂಡು ಬಂದುಬಿಡೋಣ ಅಂತ ನೋಟ್‌ಬುಕ್ಕು ಹಿಡಿದು ದೋಣಿ ಹತ್ತಿದೆ. ಹತ್ತಿರದ್ದು ಅಂತ ಮೊದಲು ಬೋಳಗುಡ್ಡೆಗೆ ಇಳಿದೆ. ಎರಡು ಗಂಟೆ ಸುತ್ತಿದೆ, ಹದಿನೇಳು ಅಂಶ ಬರೆದುಕೊಂಡೆ. ವಾಪಸು ಬಂದು ದೋಣಿಯವನಿಗೆ ಠೀವಿಯಿಂದ "ನಡಿಯಪ್ಪ, ಇನ್ನೊಂದು" ಅಂದೆ. ಇನ್ನೊಂದು ಹಿಂದೆ ಸರಿಯಿತು. ಮತ್ತೊಂದೂ ಸರಿಯಿತು.

ನಿಯಮ ಗೊತ್ತಿರಲಿಲ್ಲವಾ ಅಂತ ಕೇಳಬೇಡಿ, ತೊಟ್ಟಿಲಿನಿಂದ ಗೊತ್ತು. ಆದರೆ ಅದು ಪ್ರವಾಸ ಹೋಗುವವರಿಗೆ, ಸುಮ್ಮನೆ ನೋಡಿಕೊಂಡು ಬರುವವರಿಗಲ್ಲ ಅಂತ ಹೇಗೋ ನನ್ನ ಮಂಡೆಯಲ್ಲಿ ಕೂತುಬಿಟ್ಟಿತ್ತು. ದೋಣಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಪುಣ್ಯಾತ್ಮ, ಯಾರಿಗೂ ಹೇಳದೆ ತೀರಿಕೊಂಡ. ಇನ್ನು ಬೋಳಗುಡ್ಡೆ ಅಂದರೆ ಹೆಸರೇ ಹೇಳುತ್ತದಲ್ಲ. ಆರರಲ್ಲಿ ಹವಳವೇ ಇಲ್ಲದ್ದು ಅದೊಂದೇ. ಕಲ್ಲು, ಆಡು, ಆಡಿನ ವಾಸನೆ ಬರುವ ನಾಲ್ಕು ಕೋಣೆ. ಅಲ್ಲಿಗೆ ಯಾರಾದರೂ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾರಾ?

ಯಶೋಮತಿಗೆ ಹವಳದ ಹುಚ್ಚು. ಮದುವೆಯಾದ ಮೊದಲ ವರ್ಷವೇ ಕೇಳಿದಳು. ಗಾಳಿ ಜೋರಿದೆ ಅಂದೆ. ಎರಡನೇ ವರ್ಷ ಕೇಳಿದಳು, ಆ ರೆಸಾರ್ಟಿನಲ್ಲಿ ಬಿಸಿನೀರು ಬರಲ್ಲವಂತೆ ಅಂದೆ. ಆಮೇಲೆ ಒಂದರಲ್ಲಿ ಮೆಟ್ಟಿಲು ಜಾಸ್ತಿ, ಒಂದರಲ್ಲಿ ಸೊಳ್ಳೆ, ಒಂದರಲ್ಲಿ ಮ್ಯಾನೇಜರು ಸಿಡುಕ. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾದಳು, ಗಂಡನ ಜೊತೆ ಹೋಗಿ ಒಳ್ಳೆಯದೊಂದು ದ್ವೀಪ ಮೆಟ್ಟಿಯೂ ಬಂದಳು, ಅದೂ ನಾನೇ ಆರಿಸಿಕೊಟ್ಟಿದ್ದು. ಅವಳ ಅಮ್ಮ ಮಾತ್ರ ಅಂಗಡಿಯ ಹಿಂಭಾಗದಲ್ಲಿ ಕೂತು ಊರವರ ಮಾಸ್ಕುಗಳಿಗೆ ರಬ್ಬರ್ ಪಟ್ಟಿ ಕೂರಿಸುತ್ತಾ ಇದ್ದಳು. ಹೇಳಿಬಿಡಬೇಕು ಅಂತ ಎಷ್ಟು ಸಲ ಬಾಯಿವರೆಗೆ ಬಂತೋ. ಹೇಳಿದರೆ ಅವಳು ಮೊದಲು ಕೇಳುವುದೇ ಯಾರ ಜೊತೆ ಹೋಗಿದ್ರಿ ಅಂತ. ನಮ್ಮೂರಲ್ಲಿ ಒಬ್ಬನೇ ದ್ವೀಪ ಮೆಟ್ಟಿದೆ ಅಂದರೆ ನಂಬುವವರು ಯಾರು? ನಂಬಿದರೆ ಅದಕ್ಕಿಂತ ಅವಮಾನ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ದೋಸೆ ಹಾಕುತ್ತಾ ಅವಳು ಅಂದಳು, "ರೀ, ನವಿಲುದಿಬ್ಬಕ್ಕೆ ಬುಕ್ ಮಾಡಿದ್ದೀನಿ. ಮುಂದಿನ ಶುಕ್ರವಾರ, ಮೂರು ದಿನ."

ಎತ್ತಿದ ತುತ್ತು ತಟ್ಟೆಗೆ ಇಳಿಸಿದೆ. "ನವಿಲುದಿಬ್ಬನಾ? ವಿಚಾರಿಸಿದೆಯಾ? ಹವಳ ದಡದಿಂದ ದೂರ ಇರಬಹುದು."

"ದಡದಿಂದ ಇಪ್ಪತ್ತು ಮಾರು. ದೋಣಿ ಕಾಯೋ ಹಾಗಿಲ್ಲ."

"ಇಳಿತದಲ್ಲಿ..."

"ಎದೆಮಟ್ಟ ನೀರಿರುತ್ತೆ."

"ಸೆಳೆತ?"

"ಪೂರ್ವದ ಕಡೆ ಮಾತ್ರ. ಅಲ್ಲಿ ಕೆಂಪು ಬಾವುಟ ಕಟ್ಟಿದ್ದಾರೆ. ಕೋಣೆಗೆ ಮೂರೇ ಮೆಟ್ಟಿಲು. ಬಕಲ್ಲು ಎಲ್ಲ ಹೊಸದು. ಅಲ್ಲಿನ ಚಂಪಾಬಾಯಿ ಸಿಡುಕಿಯಲ್ಲ, ಫೋನಲ್ಲೇ ಅರ್ಧ ಗಂಟೆ ಮಾತಾಡಿದ್ಲು." ಅವಳು ದೋಸೆ ಮಗುಚಿದಳು. "ಇನ್ನೇನಾದರೂ ಇದೆಯಾ? ನೀವು ಊರಿಗೆಲ್ಲ ಹೇಳಿಕೊಟ್ಟಿದ್ದನ್ನೆಲ್ಲ ಹಿಂದುಗಡೆ ಕೂತು ಕೇಳಿಸಿಕೊಂಡಿದ್ದೀನಿ. ಒಂದೂ ಬಿಟ್ಟಿಲ್ಲ."

ನನ್ನ ಕತ್ತಿಯಿಂದಲೇ ನನ್ನ ಕುತ್ತಿಗೆ. ಸೊಂಟನೋವು ಅಂದೆ, ಎಣ್ಣೆ ತಿಕ್ಕಿದಳು. ಅಂಗಡಿ ಯಾರು ನೋಡ್ತಾರೆ ಅಂದೆ, ಬಾಗಿಲಿಗೆ ಮೂರು ದಿನ ರಜೆ ಅಂತ ಚೀಟಿ ಅಂಟಿಸಿದಳು. ನನಗೂ ಒಂದು ಮಾಸ್ಕಿಗೆ ನನ್ನ ಪವರಿನ ಗಾಜು ತಾನೇ ಹುಡುಕಿ ತೆಗೆದಿಟ್ಟಳು. ಆ ವಾರವೆಲ್ಲ ಅವಳು ಹಾಡು ಗುನುಗುತ್ತಾ ಓಡಾಡುತ್ತಿದ್ದಳು. ಅದನ್ನು ಕೇಳಿ ನನಗೆ ಅಳು ಬರುವ ಹಾಗಾಗುತ್ತಿತ್ತು, ನಿಜ ಹೇಳುತ್ತೇನೆ.

ಶುಕ್ರವಾರ ದೋಣಿಯಲ್ಲಿ ನಾವಿಬ್ಬರು, ಇನ್ನೊಂದು ಹೊಸ ಜೋಡಿ, ಮತ್ತೆ ದೋಣಿಯ ಇನಾಸಣ್ಣ. ಹೊಸ ಹುಡುಗಿಯ ಕೈಯ ಮೆಹಂದಿ ಇನ್ನೂ ಕೆಂಪಗಿತ್ತು. ಯಶೋಮತಿ ಅವಳಿಗೆ ಮಾಸ್ಕಿನ ಗಾಜಿಗೆ ಹಬೆ ಕಟ್ಟದ ಹಾಗೆ ಉಗುಳು ಸವರುವುದು ಹೇಗೆ ಅಂತ ಹೇಳಿಕೊಡುತ್ತಿದ್ದಳು. ನವಿಲುದಿಬ್ಬ ದೊಡ್ಡದಾಗುತ್ತಾ ಬಂತು. ಬಿಳೀ ಮರಳು ಕಂಡಿತು, ನೀರಿನ ಬಣ್ಣ ಬದಲಾಯಿತು, ದಡದಲ್ಲಿ ಹಸಿರು ಸೀರೆಯ ಚಂಪಾಬಾಯಿ ಕೈಬೀಸುತ್ತಾ ನಿಂತಿದ್ದೂ ಕಂಡಿತು. ನಾನು ಕಣ್ಣು ಮುಚ್ಚಿಕೊಂಡು ಮನೆದೇವರನ್ನು ನೆನೆದೆ. ಕಣ್ಣು ಬಿಟ್ಟಾಗ ಚಂಪಾಬಾಯಿ ಕೈಬೀಸುತ್ತಲೇ ಇದ್ದಳು, ಆದರೆ ಚಿಕ್ಕದಾಗುತ್ತಿದ್ದಳು.

ಇನಾಸಣ್ಣ ಇಂಜಿನ್ ನಿಲ್ಲಿಸಿದ. ಬೀಡಿ ಹಚ್ಚಿದ. "ಯಾರ್ರೀ ಅದು?" ಅಂದ, ಬಸ್ಸಿನಲ್ಲಿ ಟಿಕೆಟ್ ತೆಗೆಯದವನನ್ನು ಕೇಳುವ ಹಾಗೆ.

ಹೊಸ ಹುಡುಗಿ ನಿಧಾನಕ್ಕೆ ಗಂಡನ ಕಡೆ ತಿರುಗಿದಳು. ಅವನು, "ನಾನಲ್ಲ! ನಿನ್ನಾಣೆ ನಾನಲ್ಲ! ನೀನೇನಾದರೂ..." ಅಂದ. ಆ ಕೊನೆಯ ಮಾತು ಆಡಬಾರದಿತ್ತು. ಹುಡುಗಿ ಅಳಲು ಶುರು ಮಾಡಿದಳು. ಯಶೋಮತಿ ಅವಳ ಬೆನ್ನು ಸವರುತ್ತಾ, "ಈ ಗಂಡಸರನ್ನ ನಂಬೋಕ್ಕಾಗಲ್ಲಮ್ಮ. ಮೊದಲೇ ಹೇಳಿಬಿಟ್ಟಿದ್ದರೆ ಏನು ಗಂಟು ಹೋಗ್ತಿತ್ತು ಇವನದು?" ಅಂದು ಆ ಪಾಪದ ಹುಡುಗನನ್ನು ದುರುಗುಟ್ಟಿ ನೋಡಿದಳು. ನಾನು ಸಮುದ್ರ ನೋಡುತ್ತಿದ್ದೆ.

"ಒಬ್ಬೊಬ್ಬರನ್ನೇ ಸಣ್ಣ ದೋಣೀಲಿ ಮುಂದೆ ಕಳಿಸ್ತೀನಿ. ಯಾರು ಹೋದಾಗ ದ್ವೀಪ ಸರಿಯುತ್ತೋ ಅವರೇ" ಅಂದ ಇನಾಸಣ್ಣ. ಹಿಂದೆ ಕಟ್ಟಿದ್ದ ಸಣ್ಣ ದೋಣಿಯನ್ನು ಎಳೆದು ಪಕ್ಕಕ್ಕೆ ತಂದ. "ಮೊದಲು ಯಾರು?"

"ನಮ್ಮ ಯಜಮಾನರನ್ನೇ ಕಳಿಸಿ" ಅಂದಳು ಯಶೋಮತಿ. "ಅವರಿಗೇನು ಭಯ? ಅವರು ಹೋಗಿ ಬಂದರೆ ಈ ಮಕ್ಕಳಿಗೂ ಧೈರ್ಯ ಬರುತ್ತೆ."

ಆ ಕ್ಷಣದಲ್ಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ದ್ವೀಪ ಮರೆತಿರಬಹುದು ಅಂತ ಒಂದು ಆಸೆ. ಹುಟ್ಟು ಹಾಕಿದೆ. ನಾನು ನಾಲ್ಕು ಮಾರು ಮುಂದೆ ಹೋದರೆ ನವಿಲುದಿಬ್ಬ ನಾಲ್ಕು ಮಾರು ಹಿಂದೆ ಹೋಯಿತು. ರಭಸವಾಗಿ ಹಾಕಿದೆ, ಅದೂ ರಭಸವಾಗಿ ಹೋಯಿತು. ದಡದಲ್ಲಿ ಚಾ ಕುಡಿಯುತ್ತಿದ್ದವರು ಕಪ್ಪು ಚೆಲ್ಲದಂತೆ ಎತ್ತಿ ಹಿಡಿದದ್ದು ಇಲ್ಲಿಗೇ ಕಂಡಿತು. "ಸ್ವಾಮೀ, ಸಾಕು! ನಮ್ಮ ಊಟದ ಮೇಜೆಲ್ಲ ಅಲ್ಲಾಡ್ತಿದೆ!" ಅಂತ ಚಂಪಾಬಾಯಿ ಕೂಗಿದಳು.

ನಾನು ವಾಪಸು ಬಂದು ದೊಡ್ಡ ದೋಣಿ ಹತ್ತಿದೆ. ಹೊಸ ಹುಡುಗ ನನ್ನ ಕಾಲಿಗೆ ಬೀಳುವಷ್ಟು ಕೃತಜ್ಞತೆಯಿಂದ ನೋಡಿದ. ಯಶೋಮತಿ ನನ್ನನ್ನು ನೋಡಲೇ ಇಲ್ಲ. ತನ್ನ ಬ್ಯಾಗು ತೆಗೆದುಕೊಂಡಳು, ಮಾಸ್ಕು ತೆಗೆದುಕೊಂಡಳು, ಸೀರೆ ಎತ್ತಿ ಕಟ್ಟಿ ಸಣ್ಣ ದೋಣಿಗೆ ಇಳಿದಳು. "ಯಶೂ, ನಾವಿಬ್ಬರೂ ಮನೆಗೆ ಹೋಗೋಣ, ನೀನು ಮೆಟ್ಟಬೇಡ, ಬೇರೆ ಏನಾದರೂ..." ಅಂದೆ. ಇನಾಸಣ್ಣ ಹುಟ್ಟು ಹಾಕಿದ. ನವಿಲುದಿಬ್ಬ ಕದಲದೆ ನಿಂತಿತು. ಅವಳು ಮರಳಿನ ಮೇಲೆ ಕಾಲಿಟ್ಟಿದ್ದನ್ನು ನಾನು ನೋಡಿದೆ. ಎರಡೂ ಕಾಲು ಒತ್ತಿ ಒತ್ತಿ ಇಟ್ಟಳು.

ಇನಾಸಣ್ಣ ಹೊಸ ಜೋಡಿಯನ್ನೂ ಬಿಟ್ಟು ಬಂದು, "ಮನೆಗೆ ಬಿಡಲಾ?" ಅಂದ. ಬೇಡ ಅಂದೆ. ಅವನಿಗೆ ಆಶ್ಚರ್ಯವಾಗಲಿಲ್ಲ. ಸೀಸನ್ನಿಗೆ ನನ್ನಂಥವರು ಇಬ್ಬರಾದರೂ ಸಿಗುತ್ತಾರಂತೆ. ಅಲ್ಲೇ ಲಂಗರು ಹಾಕಿ ತಲೆ ಮೇಲೆ ಟಾರ್ಪಾಲು ಕಟ್ಟಿದ. ರೆಸಾರ್ಟಿನವರಿಗೂ ಇದು ಅಭ್ಯಾಸ. ಅವರ ಊಟದ ಪಟ್ಟಿಯಲ್ಲೇ ಕೊನೆಗೊಂದು ಸಾಲು ಇದೆಯಂತೆ, ಹೊರಗೆ ನಿಂತವರಿಗೆ ಸಾರು ಕಳಿಸುವುದಿಲ್ಲ, ಚೆಲ್ಲುತ್ತದೆ, ಚಿತ್ರಾನ್ನ ಮಾತ್ರ. ಮೂರು ದಿನ ಮೂರು ಹೊತ್ತೂ ಚಿತ್ರಾನ್ನ ತಿಂದೆ. ತಿನ್ನುತ್ತಾ ಇನಾಸಣ್ಣನಿಗೆ ನೋಟ್‌ಬುಕ್ಕಿನ ಹದಿನೇಳು ಅಂಶದ ಕಥೆಯನ್ನೂ ಹೇಳಿಕೊಂಡೆ.

ಅರ್ಧ ಗಂಟೆಯ ಮೇಲೆ ಯಶೋಮತಿ ದಡದ ತುದಿಗೆ ಬಂದು ನಿಂತಳು. ಸೊಂಟದ ಮೇಲೆ ಕೈ. "ಯಾರ ಜೊತೆ?" ಅಂತ ಕೂಗಿದಳು.

ಕೂಗಳತೆ ಅಂದರೆ ಪಿಸುಮಾತು ನಡೆಯುವುದಿಲ್ಲ. ಸಂಸಾರದ ಮಾತನ್ನೆಲ್ಲ ಸಂತೆಯಲ್ಲಿ ಸೊಪ್ಪು ಮಾರುವವರ ಹಾಗೆ ಕೂಗಬೇಕು. ರೆಸಾರ್ಟಿನ ಎಲ್ಲರೂ ಕುರ್ಚಿಗಳನ್ನು ಈ ಕಡೆ ತಿರುಗಿಸಿಕೊಂಡು ಕೂತರು.

"ಒಬ್ಬನೇ!" ಅಂತ ಕೂಗಿದೆ.

"ಸುಳ್ಳು!"

"ದೇವರಾಣೆ ಒಬ್ಬನೇ! ಬೋಳಗುಡ್ಡೆಗೆ!"

ದಡದಲ್ಲಿ ಗುಸುಗುಸು. ಬೋಳಗುಡ್ಡೆಗೆ ಯಾರು ಸ್ವಾಮಿ ಜೊತೆ ಕಟ್ಟಿಕೊಂಡು ಹೋಗ್ತಾರೆ, ನಿಜ ಇರಬಹುದು ಅಂತ ಒಬ್ಬರು ಅಂದದ್ದು ನೀರಿನ ಮೇಲೆ ಸಲೀಸಾಗಿ ತೇಲಿ ಬಂತು. ಯಶೋಮತಿ ಮತ್ತೆ ಕೂಗಿದಳು, "ಒಬ್ಬರೇ ಯಾಕೆ ಹೋದ್ರಿ?"

"ನೋಡಿಕೊಂಡು ಬರೋಕೆ!"

"ಯಾಕೆ?"

"ನಿನ್ನನ್ನ ಕರ್ಕೊಂಡು ಹೋಗೋಕೆ!"

"ಆಗ ನಾನೆಲ್ಲಿದ್ದೆ?"

"ಇರಲಿಲ್ಲ! ಯಾರೋ ಒಬ್ಬಳು ಬರ್ತಾಳಲ್ಲ, ಅವಳಿಗೋಸ್ಕರ! ಆರೂ ನೋಡಿ ಒಂದು ಆರಿಸೋಣ ಅಂತ ಹೋದೆ! ನೋಡಿಕೊಂಡು ಬರೋದೂ ಮೆಟ್ಟಿದ ಲೆಕ್ಕ ಅಂತ ಹೊಳೀಲಿಲ್ಲ!"

ದಡದಲ್ಲಿ ನಗು ಎದ್ದಿತು ನೋಡಿ, ಅಡುಗೆಯವನು ಸೌಟು ಹಿಡಿದುಕೊಂಡೇ ಓಡಿಬಂದು ಏನಾಯ್ತು ಏನಾಯ್ತು ಅಂತ ಕೇಳಿ ಅವನೂ ಸೇರಿಕೊಂಡ. ನಾನು ದ್ವೀಪ ಆರಿಸಿಕೊಟ್ಟ ಗಿರಾಕಿಗಳು ಮೂರು ಜನ ಅಲ್ಲಿದ್ದರು. ಇನಾಸಣ್ಣ ಬೀಡಿ ಹೊಗೆ ನೆತ್ತಿಗೇರಿ ಕೆಮ್ಮುತ್ತಿದ್ದ. ನಗದೇ ಇದ್ದವಳು ಯಶೋಮತಿ ಒಬ್ಬಳೇ. ತಿರುಗಿ ಕೋಣೆಗೆ ಹೋಗಿಬಿಟ್ಟಳು.

ಎರಡನೇ ದಿನ ಅವಳು ನನ್ನ ಕಡೆಯ ದಡಕ್ಕೆ ಬರಲೇ ಇಲ್ಲ. ದ್ವೀಪದ ಆಚೆ ಮಗ್ಗುಲಿನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದಳಂತೆ. ಅದನ್ನು ಹೇಳಿದ್ದು ಚಂಪಾಬಾಯಿ. "ನಿಮ್ಮ ಮನೆಯವರು ಮೀನಿನ ಹಾಗೆ ಈಜ್ತಾರೆ ಸ್ವಾಮೀ! ಮೇಲೆ ಬರಲ್ಲ ಅಂತಾರೆ!" ಅಂತ ಕೂಗಿದಳು. "ಪೂರ್ವದ ಕಡೆ ಸೆಳೆತ ಅಂತ ಹೇಳಿ!" ಅಂತ ನಾನು ಕೂಗಿದೆ. "ಅದನ್ನ ಅವರೇ ನಮಗೆಲ್ಲ ಹೇಳಿಕೊಟ್ರು!" ಅಂತ ಉತ್ತರ ಬಂತು. ಟಾರ್ಪಾಲಿನ ಕೆಳಗೆ ಕೂತು ಲೆಕ್ಕ ಹಾಕಿದೆ. ಅವಳು ಮೀನಿನ ಹಾಗೆ ಈಜುತ್ತಾಳೆ ಅಂತ ಇಪ್ಪತ್ತನಾಲ್ಕು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ಅವತ್ತು ಇಡೀ ದಿನ ಒಂದೇ ಯೋಚನೆ: ಇನ್ನು ನನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ. ಮಾತಾಡದಿದ್ದರೆ ನನಗೆ ಇನ್ನು ಯಾರಿದ್ದಾರೆ?

ಮೂರನೇ ದಿನ ಬೆಳಿಗ್ಗೆ ನೀರಿನ ಮೇಲೆ ಒಂದು ಪೈಪಿನ ತುದಿ ನನ್ನ ಕಡೆಗೆ ಬರುವುದು ಕಂಡಿತು. ದೋಣಿಯ ಹಗ್ಗ ಹಿಡಿದುಕೊಂಡು ಅವಳು ತಲೆ ಎತ್ತಿದಳು, ಮಾಸ್ಕನ್ನು ಹಣೆಗೆ ಸರಿಸಿದಳು. ಮೂಗಿನ ಸುತ್ತ ಮಾಸ್ಕಿನ ಗುರುತು ಕೆಂಪಗೆ ಬಿದ್ದಿತ್ತು. ಇನಾಸಣ್ಣ ಮರ್ಯಾದಸ್ಥ, ಆ ಕಡೆ ತಿರುಗಿ ಕೂತ.

"ನೀವು ಮೆಟ್ಟಿದ್ದಕ್ಕೆ ನನಗೆ ಕೋಪ ಇಲ್ಲ" ಅಂದಳು. "ದಡ್ಡತನ. ಹೋಗಲಿ. ಆದರೆ ಇಪ್ಪತ್ತನಾಲ್ಕು ವರ್ಷ ನಾನು ಕೇಳಿದಾಗಲೆಲ್ಲ ತಪ್ಪು ಹುಡುಕಿದ್ರಲ್ಲ? ನನಗೇ ಏನೋ ಅತಿಯಾಸೆ, ನಾನೇ ಕೇಳಬಾರದ್ದು ಕೇಳ್ತಿದ್ದೀನಿ ಅಂತ ಅಂದ್ಕೊಂಡಿದ್ದೆ. ಮೊದಲ ವರ್ಷವೇ ಹೇಳಿದ್ದರೆ ಏನಾಗ್ತಿತ್ತು? ನೀವು ದೋಣೀಲಿ ಕೂತಿರ್ತಿದ್ರಿ, ನಾನು ಹವಳ ನೋಡ್ತಿದ್ದೆ. ವರ್ಷಾ ವರ್ಷಾ ಬರಬಹುದಿತ್ತು. ಆಗ ನನ್ನ ಮಂಡಿ ಚೆನ್ನಾಗಿತ್ತು."

ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದೆ, ಮತ್ತೆ ಹಾಕಿಕೊಂಡೆ. "ತಪ್ಪಾಯ್ತು ಯಶೂ" ಅಂದೆ. "ನಾಚಿಕೆ ಆಗ್ತಿತ್ತು. ನೀನು ನಗ್ತೀಯ ಅಂತ ಹೆದರಿಕೆ."

"ನಕ್ಕಿದ್ದರೆ ನಕ್ಕಿರ್ತಿದ್ದೆ. ಅಷ್ಟಕ್ಕೇ ಮುಗೀತಿತ್ತು."

"ಹವಳ ಹೇಗಿದೆ?"

ಅವಳು ಮುಖದಲ್ಲಿ ಸಿಟ್ಟು ಉಳಿಸಿಕೊಳ್ಳಬೇಕು ಅಂತ ನೋಡಿದಳು, ಆಗಲಿಲ್ಲ. "ರೀ, ಒಂದು ಮೀನಿದೆ, ಗೋಡೆಗೆ ಹೊಡೆಯೋ ನೀಲಿ ಸುಣ್ಣದ ಬಣ್ಣ. ಕಟಕಟ ಅಂತ ಹವಳ ಕಡಿಯೋದು ಕಿವಿಗೆ ಕೇಳುತ್ತೆ. ಹೂಕೋಸಿನ ಥರ ಒಂದು ಹವಳ, ಜಿಂಕೆ ಕೊಂಬಿನ ಥರ ಒಂದು. ಆ ಕೊಂಬಿನೊಳಗೆ ಸಾಸಿವೆಯಷ್ಟು ಸಣ್ಣ ಮರಿಗಳು, ನನ್ನ ನೆರಳು ಬಿದ್ದರೆ ಸುಯ್ಯಂತ ಒಳಗೆ, ಸರಿದರೆ ಸುಯ್ಯಂತ ಹೊರಗೆ. ಎರಡು ಗಂಟೆ ಅದನ್ನೇ ಆಡಿಸ್ತಾ ಇದ್ದೆ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. ಕಣ್ಣು ಒರೆಸಿಕೊಳ್ಳಲಿಲ್ಲ, ಒರೆಸಿಕೊಳ್ಳಲು ಕೈಯೂ ಒದ್ದೆಯಾಗಿತ್ತು. ನಾನಿದ್ದ ಕಡೆ ಕೆಳಗೆ ಬರೀ ಕಡುನೀಲಿ ಆಳ. ನವಿಲುದಿಬ್ಬ ತನ್ನ ಹವಳವನ್ನು ನನ್ನಿಂದ ಸರಿಯಾಗಿ ದೂರ ಇಟ್ಟುಕೊಂಡಿತ್ತು.

ಮಧ್ಯಾಹ್ನ ಇನಾಸಣ್ಣ ಸಣ್ಣ ದೋಣಿಯಲ್ಲಿ ಹೋಗಿ ಅವಳನ್ನು ಬ್ಯಾಗು ಸಮೇತ ಕರೆತಂದ. ಊರಿಗೆ ಹೋಗೋಣ ಅನ್ನುವ ಹಾಗೆ ಇನಾಸಣ್ಣ ಇಂಜಿನ್ ಹಗ್ಗ ಎಳೆದ. "ಇನಾಸಣ್ಣ, ಊರಿಗೆ ಆಮೇಲೆ" ಅಂದಳು. "ಮೊದಲು ಬೋಳಗುಡ್ಡೆಗೆ ನಡಿ."

"ಅಲ್ಲೇನಿದೆ ಅಕ್ಕಾ? ಆಡು" ಅಂದ ಅವನು.

"ಇರಲಿ. ನನಗೆ ನೋಡಬೇಕು."

ಬೋಳಗುಡ್ಡೆಯ ಹತ್ತಿರ ಹೋದಂತೆ ಅದು ಹಿಂದೆ ಸರಿಯತೊಡಗಿತು. ಈ ಸಲ ಅವಳಿಂದ. ಕೂಗಳತೆಯಲ್ಲಿ ದೋಣಿ ನಿಂತಿತು. ಯಶೋಮತಿ ಲೈಫ್ ಜಾಕೆಟ್ ತೆಗೆದು ನನ್ನ ಮಡಿಲಿಗೆ ಎಸೆದಳು. "ಇಳೀರಿ" ಅಂದಳು.

"ಯಾಕೆ?"

"ಇಳೀರಿ ಅಂದೆ."

ಮೂರು ದಿನ ಕೂತು ಕೂತು ಕಾಲು ಮರಗಟ್ಟಿತ್ತು. ಆದರೂ ಇಳಿದೆ. ಕೈಕಾಲು ಬಡಿಯುತ್ತಾ, ಉಪ್ಪುನೀರು ಕುಡಿಯುತ್ತಾ ಹೋದೆ. ಬೋಳಗುಡ್ಡೆ ಒಂದಿಷ್ಟೂ ಸರಿಯಲಿಲ್ಲ, ನನ್ನದೇ ದ್ವೀಪ, ನಿಂತಲ್ಲೇ ನಿಂತಿತ್ತು. ಇಪ್ಪತ್ತೇಳು ವರ್ಷದ ಮೇಲೆ ಅದರ ಕಲ್ಲಿನ ಮೇಲೆ ಕಾಲಿಟ್ಟೆ, ಲುಂಗಿ ಹಿಂಡಿಕೊಂಡೆ. ಒಂದು ಗಡ್ಡದ ಆಡು ಬಂದು ನನ್ನ ಜಾಕೆಟ್ಟಿನ ಪಟ್ಟಿ ಬಾಯಿಗೆ ಹಾಕಿಕೊಂಡಿತು. ಹಚಾ ಅಂದರೂ ಬಿಡಲಿಲ್ಲ.

"ರೀ!" ದೋಣಿಯಿಂದ ಕೂಗಿದಳು. "ಅಲ್ಲಿಗಾ ನನ್ನನ್ನ ಕರ್ಕೊಂಡು ಹೋಗ್ಬೇಕು ಅಂತಿದ್ದದ್ದು?"

"ಆರರಲ್ಲಿ ಒಂದಕ್ಕೆ!"

"ಅಲ್ಲಿ ಏನೂ ಇಲ್ಲವಲ್ರೀ!"

"ಇಲ್ಲ!"

"ಹದಿನೇಳು ಅಂಶ ಬರ್ಕೊಂಡಿದ್ರಂತೆ! ಇನಾಸಣ್ಣ ಹೇಳಿದ! ಒಂದೂ ಒಳ್ಳೇದು ಇರಲಿಲ್ವಾ?"

ನಾನು ಸುತ್ತ ನೋಡಿದೆ. ಕಲ್ಲು. ಆಡಿನ ಹಿಕ್ಕೆ. ಬಾಗಿಲು ಹಾಕಿದ ನಾಲ್ಕು ಕೋಣೆ. ಆಮೇಲೆ ನೀರಿನ ಅಂಚಿಗೆ ಚಾಚಿಕೊಂಡ ಒಂದು ಚಪ್ಪಟೆ ಬಂಡೆ ಕಂಡಿತು, ಅದರ ಮೇಲೆ ಒಂದು ಹೊಂಗೆ ಮರ ಬಾಗಿಕೊಂಡು ನೆರಳು ಹಾಕಿತ್ತು. ಮರ ಈಗ ದೊಡ್ಡದಾಗಿದೆ. ಅವತ್ತು ಅದು ನನ್ನ ಭುಜದಷ್ಟೇ ಇತ್ತು, ಆದರೂ ಅದರ ಪುಟ್ಟ ನೆರಳಿನಲ್ಲಿ ಕೂತು ಅಳತೆ ನೋಡಿದ್ದೆ.

"ಒಂದಿತ್ತು!" ಅಂತ ಕೂಗಿದೆ. ಗಂಟಲು ಹರಿದುಹೋಗುವ ಹಾಗೆ ಕೂಗಿದೆ. "ಈ ಬಂಡೆ! ಇಬ್ಬರು ಕೂರುವಷ್ಟು ನೆರಳು ಅಂತ ಬರೆದಿದ್ದೆ!"

ದೋಣಿ ಮೆಲ್ಲಗೆ ತೂಗುತ್ತಿತ್ತು. ಅವಳು ಕಣ್ಣಿಗೆ ಬಿಸಿಲು ಬೀಳದಂತೆ ಕೈ ಅಡ್ಡ ಹಿಡಿದು ಬಂಡೆಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಕೂತ್ಕೊಳ್ಳಿ!" ಅಂದಳು.

ಹೋಗಿ ಬಂಡೆಯ ಮೇಲೆ ಕೂತೆ, ನಡುಮಧ್ಯ.

"ಅಲ್ಲಲ್ಲ!" ಅವಳ ದನಿ ನೀರಿನ ಮೇಲೆ ಸ್ಪಷ್ಟವಾಗಿ ಬಂತು. "ಒಂದು ಪಕ್ಕಕ್ಕೆ ಸರಿದು ಕೂತ್ಕೊಳ್ರೀ!"

ನಾನು ಸರಿದು ಕೂತೆ.